ರೆಕ್ಕೆಯಿಲ್ಲದ ವಿಮಾನದ ಲೋಡ್ ಮಾಸ್ಟರ್

ಆ ಬೆಳಿಗ್ಗೆ ಸಂಪತ್ಕುಮಾರ ವಿಮಾನದ ಹಿಂಬಾಗಿಲನ್ನು ತೆರೆಯದೆ ಇದ್ದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಆದರೆ ತೆರೆಯದೆ ಇರಲು ಅವನಿಂದ ಆಗಲಿಲ್ಲ.

ವಿಮಾನ ಇದ್ದದ್ದು ಆಕಾಶದಲ್ಲಲ್ಲ, ನಿಲ್ದಾಣದಲ್ಲೂ ಅಲ್ಲ. ಚನ್ನರಾಯಪಟ್ಟಣದ ಹೊರಗೆ ಒಂದು ಹೋಟೆಲಿನ ಮುಂದೆ, ಉದ್ದನೆಯ ಟ್ರೇಲರ್ ಮೇಲೆ. ರೆಕ್ಕೆ, ಬಾಲ, ಎಂಜಿನ್ನುಗಳನ್ನೆಲ್ಲ ಬಿಚ್ಚಿ ಹಿಂದಿನ ದಿನವೇ ಬೇರೆ ಲಾರಿಯಲ್ಲಿ ಕಳಿಸಿಯಾಗಿತ್ತು. ಉಳಿದ ಮೈ ಸಿಪ್ಪೆ ಸುಲಿದ ಸೌತೆಕಾಯಿಯ ಹಾಗೆ ಎಳೆಬಿಸಿಲಿಗೆ ಮಲಗಿತ್ತು. ವಾಯುಪಡೆಯಲ್ಲಿ ಒಂದು ತಲೆಮಾರು ದುಡಿದು ನಿವೃತ್ತಿಯಾದ ಎಎನ್-32 ಸಾಗಣೆ ವಿಮಾನ ಅದು. ಅರಕಲಗೂಡಿನ ಒಂದು ಸಮಿತಿಯವರು ಓಡಾಡಿ, ಕಾಡಿ ಬೇಡಿ, ಊರಿನ ಉದ್ಯಾನದಲ್ಲಿ ನಿಲ್ಲಿಸುವುದಕ್ಕೆಂದು ಅದನ್ನು ಪಡೆದುಕೊಂಡಿದ್ದರು. ಸಿಮೆಂಟಿನ ಪೀಠ ಸಿದ್ಧವಾಗಿತ್ತು. ಎತ್ತಿ ಕೂರಿಸಲು ಹಾಸನದಿಂದ ಕ್ರೇನು ಬಂದು ನಿಂತಿತ್ತು. ಹನ್ನೊಂದು ಗಂಟೆಗೆ ಉದ್ಘಾಟನೆ.

ಚನ್ನರಾಯಪಟ್ಟಣದಿಂದ ಅರಕಲಗೂಡಿನ ತನಕ ವಿಮಾನದ ಜೊತೆಗಿದ್ದು ಕರೆತರುವ ಜವಾಬ್ದಾರಿ ಹೊಳೆನರಸೀಪುರದ ಸಂಪತ್ಕುಮಾರನದು. ಯಾಕೆಂದರೆ ವಾಯುಪಡೆಯಲ್ಲಿ ಅವನು ಇದೇ ಜಾತಿಯ ವಿಮಾನಗಳಲ್ಲಿ ಲೋಡ್ ಮಾಸ್ಟರ್ ಆಗಿದ್ದವನು. ಅಂದರೆ, ಯಾವ ಸಾಮಾನು ಎಲ್ಲಿಟ್ಟರೆ ವಿಮಾನ ಮೂಗು ಎತ್ತದೆ, ಬಾಲ ಜಗ್ಗದೆ ನೆಟ್ಟಗೆ ಹಾರುತ್ತದೆ ಎಂದು ನೋಡಿಕೊಳ್ಳುವವನು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಅವನಿಗಿದ್ದದ್ದು ಒಂದೇ ಆಸ್ತಿ, ಆ ವಿಮಾನದ ಕತೆಗಳು. ಆ ವಿಮಾನ ಮಾಡದೆ ಬಿಟ್ಟ ಕೆಲಸವೇ ಇಲ್ಲ ಎಂಬುದು ಅವನ ಎಲ್ಲ ಕತೆಗಳ ಪಲ್ಲವಿ. ಕೇಳುವವರು ಮಾತ್ರ ಇರಲಿಲ್ಲ. "ಒಂದ್ಸಲ ಲೇಹ್‌ನಲ್ಲಿ ಏನಾಯ್ತು ಅಂದ್ರೆ" ಎಂದು ಅವನು ಬಾಯಿ ತೆರೆದ ಕೂಡಲೆ ಹೆಂಡತಿ ಕನಕಲಕ್ಷ್ಮಿ ಮಿಕ್ಸಿ ಹಾಕುತ್ತಿದ್ದಳು. ರುಬ್ಬುವುದಕ್ಕೆ ಏನೂ ಇಲ್ಲದಿದ್ದರೆ ಬರಿಯ ಮಿಕ್ಸಿಯನ್ನೇ ಹಾಕುತ್ತಿದ್ದಳು. ಹಾಗಾಗಿ ಅವನು ಕಾಂಪೌಂಡಿನ ಹತ್ತಿರ ನಿಂತು, ಆಚೆ ಮನೆಯ ನಿವೃತ್ತ ಹೆಡ್‌ಮಾಸ್ಟರು ಚಂದ್ರಶೇಖರಯ್ಯನವರಿಗೆ ಹೇಳುತ್ತಿದ್ದ. ಅವರು ಗಿಡಕ್ಕೆ ನೀರು ಹಾಕುತ್ತ "ಹೂಂ, ಹೂಂ" ಎನ್ನುತ್ತಿದ್ದರು. ಕೇಳುತ್ತಿದ್ದಾರೋ ಇಲ್ಲವೋ ಅವನಿಗೆ ಎಂದೂ ತಿಳಿದಿರಲಿಲ್ಲ. ಆ ದಿನ ತಿಳಿಯಿತು.

ಉದ್ಘಾಟನೆಗೆ ಮುಖ್ಯ ಅತಿಥಿ ನಿವೃತ್ತ ವಿಂಗ್ ಕಮಾಂಡರ್ ರಜನೀಶ್. ಹಾಸನದ ಕಡೆಯವರೇ. ಸೇವೆಯಲ್ಲಿದ್ದಷ್ಟು ಕಾಲವೂ ಇದೇ ವಿಮಾನ ಓಡಿಸಿದವರು. ಹಿಂದಿನ ದಿನ ಅವರೇ ಫೋನ್ ಮಾಡಿದ್ದರು. ಅವರ ಭಾಷಣದ ನಂತರ ಹತ್ತು ನಿಮಿಷ ಸಂಪತ್ಕುಮಾರ ಮಾತಾಡಬೇಕು, ವಿಷಯ ಈ ವಿಮಾನದ ಬಹುಮುಖ ಸೇವೆ. ಕೊನೆಗೆ ಒಂದು ಮಾತು ಸೇರಿಸಿದ್ದರು. "ಸಂಪತ್, ದಾರಿಯಲ್ಲಿ ಯಾರನ್ನೂ ಅದರೊಳಗೆ ಬಿಡಬಾರದು. ಒಂದು ನೊಣ ಕೂಡ ಕೂರಬಾರದು." ಸಂಪತ್ಕುಮಾರ ಅಡುಗೆಮನೆಯಲ್ಲಿ ಎದ್ದು ನಿಂತು, ಫೋನಿಗೇ ಸೆಲ್ಯೂಟ್ ಹೊಡೆದು "ಯೆಸ್ ಸರ್" ಎಂದಿದ್ದ.

ಮೈಕಿನ ಮುಂದೆ ಹತ್ತು ನಿಮಿಷ. ಯಾರೂ ಮಿಕ್ಸಿ ಹಾಕಲಾರದ ಜಾಗ. ಅವನಿಗೆ ರಾತ್ರಿ ನಿದ್ದೆಯೇ ಬಂದಿರಲಿಲ್ಲ.

ಬೆಳಿಗ್ಗೆ ಸಮಿತಿಯ ಪರವಾಗಿ ಚಂದ್ರಶೇಖರಯ್ಯನವರೂ ಅವನ ಜೊತೆ ಮೊದಲ ಬಸ್ಸು ಹಿಡಿದು ಚನ್ನರಾಯಪಟ್ಟಣಕ್ಕೆ ಬಂದರು. ಟ್ರೇಲರಿನ ಡ್ರೈವರ್ ಭೀಮ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದ. ಹೆಸರು ಭೀಮ, ಆಳು ನುಗ್ಗೆಕಾಯಿ. ಚಂದ್ರಶೇಖರಯ್ಯನವರು ಅವನ ಎದುರಿಗೆ ಕೂತು ದೋಸೆ ಹೇಳಿದರು. ಸಂಪತ್ಕುಮಾರನಿಗೆ ಹಸಿವಿರಲಿಲ್ಲ. ಅವನು ಒಬ್ಬನೇ ವಿಮಾನದ ಹಿಂದಕ್ಕೆ ಹೋಗಿ ನಿಂತ.

ಒಂದು ಸಲ ಒಳಗೆ ಕೂತು ಬಂದರೆ ಏನಾಗುತ್ತದೆ? ನೊಣ ಬೇರೆ, ಲೋಡ್ ಮಾಸ್ಟರ್ ಬೇರೆ.

ಪಕ್ಕದ ಚಿಕ್ಕ ಬಾಗಿಲಿನಿಂದ ಒಳಗೆ ಹತ್ತಿ, ಬೆಳಕಿಗೆಂದು ಹಿಂಬದಿಯ ದೊಡ್ಡ ಬಾಗಿಲನ್ನು ಬಿಡಿಸಿದ. ಅದು ಕೆಳಕ್ಕೆ ಬಗ್ಗಿ ನೆಲಕ್ಕೆ ಇಳಿಜಾರಾಗಿ ಹಾಸಿಕೊಳ್ಳುವ ಬಾಗಿಲು. ಹಳೆಯ ಎಣ್ಣೆ, ಕ್ಯಾನ್ವಾಸು, ಬೆವರು, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಂದದ್ದೇ ಅವನ ಕಣ್ಣು ತುಂಬಿತು. ಗೋಡೆಗಂಟಿದ ಸೀಟಿನ ಮೇಲೆ ಕೂತು, ಒರಗಿ, ಕಣ್ಣು ಮುಚ್ಚಿದ. ಎಂಜಿನ್ನಿನ ಮೊರೆತ ಕೇಳಿದಂತಾಯಿತು. ಕೆಳಗೆ ಹಿಮದ ಬೆಟ್ಟಗಳು ಸರಿದವು.

ಕಣ್ಣು ಬಿಟ್ಟಾಗ ಎದುರು ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ತೊಡೆಯ ಮೇಲೆ ಅವರೆಕಾಯಿಯ ಚೀಲ.

"ನಾನು ಇಲ್ಲೇ ಕುಂತ್ಕಳ್ಳಾ, ಇನ್ನೂ ಮುಂದ್ಕೋಗ್ಲಾ ಏನಪ್ಪ?" ಎಂದು ಕೇಳಿದಳು.

"ಯಾರಮ್ಮ ನೀವು?"

"ಸುಬ್ಬಮ್ಮ ಅಂತ. ಬಾಗೂರು. ಕೊಣನೂರ್ಗೆ ನಮ್ ತಮ್ಮನ್ ಮನೇಗೆ ಓಗ್ಬೇಕು. ಬಸ್ ಮೆಟ್ಲು ಅತ್ತಾಕೆ ಮಂಡಿ ಬಗ್ಗಾಕಿಲ್ಲ ಕಣಪ್ಪ. ಈ ಬಸ್ಸಾದ್ರೆ ಸಲೀಸು. ಹಿಂದ್ಗಡೆ ಇಳಿಜಾರು ಮಾಡವ್ರೆ. ಯಾರೋ ತಿಳಿದೋರು ಮಾಡವ್ರೆ."

"ಇದು ಬಸ್ಸಲ್ಲಮ್ಮ, ಏರೋಪ್ಲೇನು."

"ಏನಾರ ಆಗ್ಲಿ. ಅರಕಲಗೂಡ್ಗೆ ಓಯ್ತದೋ ಇಲ್ವೋ?"

"ಹೋಗುತ್ತೆ, ಆದ್ರೆ..."

"ಅಂಗಂದ್ಮೇಲೆ ಸರಿ ಬುಡು. ಅಲ್ಲಿಂದ ಕೊಣನೂರು ಏನ್ ದೂರ?"

ಅಷ್ಟರಲ್ಲಿ ಬಾಯೊರೆಸಿಕೊಳ್ಳುತ್ತ ಚಂದ್ರಶೇಖರಯ್ಯನವರು ಬಂದರು. ಅವರಾದರೂ ತಿಳಿಹೇಳಲಿ ಎಂದು ಸಂಪತ್ಕುಮಾರ ಮುದುಕಿಯ ಕಡೆ ಕೈ ತೋರಿಸಿದ. ಅವರು ಅವಳನ್ನೂ ಅವಳ ಮಂಡಿಯನ್ನೂ ನೋಡಿ, ತರಗತಿಯಲ್ಲಿ ಪ್ರಶ್ನೆ ಕೇಳುವವರ ಹಾಗೆ ಕೈಕಟ್ಟಿಕೊಂಡರು.

"ಸಂಪತ್ತು, ಅಸ್ಸಾಮಿನ ಪ್ರವಾಹದಲ್ಲಿ ಮುದುಕರು, ಕಾಯಿಲೆಯವರು, ಎಲ್ಲರನ್ನೂ ಈ ಸೀಟುಗಳ ಮೇಲೇ ಸಾಗಿಸಿದ್ವಿ ಅಂತ ಹೇಳಿದ್ರಲ್ಲ. ನಾನು ದಾಸವಾಳದ ಗಿಡ ನೆಟ್ಟ ದಿವಸ."

"ಹೇಳಿದ್ದೆ."

"ಸುಳ್ಳಾ?"

"ಸುಳ್ಳು ಯಾಕೆ ಹೇಳ್ಲಿ?"

"ಮತ್ತೆ ಅಸ್ಸಾಮಿನವರ ಮಂಡಿಗೆ ಒಂದು ನ್ಯಾಯ, ಬಾಗೂರಿನವರ ಮಂಡಿಗೆ ಇನ್ನೊಂದು ನ್ಯಾಯವಾ?"

ಸರಿ, ಒಬ್ಬಳು ಮುದುಕಿ. ಅರಕಲಗೂಡಿಗೆ ಮುಂಚೆ ಇಳಿಸಿದರಾಯಿತು ಎಂದುಕೊಂಡ ಸಂಪತ್ಕುಮಾರ. ಬಾಗಿಲನ್ನು ಮೇಲೆತ್ತಲು ಹೋದಾಗ ಎರಡನೆಯ ತೊಂದರೆ ಎದುರಾಯಿತು. ಕೈಪಂಪು ಒತ್ತಿದರೆ ಬಾಗಿಲೇನೋ ಏರಿತು. ಆದರೆ ಎಣ್ಣೆ ಸೋರುತ್ತಿತ್ತು. ಪಂಪು ಬಿಟ್ಟ ಸ್ವಲ್ಪ ಹೊತ್ತಿಗೆ ಆಕಳಿಸುವ ಎಮ್ಮೆಯ ಬಾಯಿಯ ಹಾಗೆ ಅದು ನಿಧಾನಕ್ಕೆ ತೆರೆದುಕೊಂಡಿತು. ಯಾರಾದರೂ ಒಳಗೇ ನಿಂತು ಆಗಾಗ ಒತ್ತುತ್ತಿರಬೇಕು. ಯಾರಾದರೂ ಎಂದರೆ ಸಂಪತ್ಕುಮಾರನೇ. ತಗಡಿನ ಗೂಡಿನಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಫೋನನ್ನು ಚಂದ್ರಶೇಖರಯ್ಯನವರಿಗೆ ಕೊಟ್ಟ. ಅವರು ಡ್ರೈವರ್ ಪಕ್ಕದಲ್ಲಿ ಕೂತರು. ಒಳಗಿನಿಂದ ಹೊರಗೆ ನೋಡುವಂತಿರಲಿಲ್ಲ. ಬಣ್ಣ ಹೊಡೆದವರು ಕಿಟಕಿಗಳಿಗೆಲ್ಲ ಕಾಗದ ಅಂಟಿಸಿ ಹಾಗೆಯೇ ಬಿಟ್ಟಿದ್ದರು.

ಟ್ರೇಲರ್ ಹೊರಟಿತು. ಸುಬ್ಬಮ್ಮ ಅವರೆಕಾಯಿ ಬಿಡಿಸತೊಡಗಿದಳು. ಸಂಪತ್ಕುಮಾರ ಪಂಪು ಒತ್ತಿದ.

ಹೊಳೆನರಸೀಪುರ ಇನ್ನೂ ದೂರವಿರುವಾಗಲೇ ಗಾಡಿ ನಿಂತಿತು. ಯಾವುದೋ ಊರಿನವರು ವಾಹನಗಳ ಗಾಲಿಗೆ ಸಿಕ್ಕಿ ಕಾಳು ಉದುರಲೆಂದು ರಸ್ತೆಯ ತುಂಬ ಹುರುಳಿ ಹರವಿದ್ದರು. ಬಸ್ಸು ಲಾರಿಯಾದರೆ ಅದರ ಮೇಲೇ ಹೋಗಲಿ ಎನ್ನುತ್ತಿದ್ದರು. ಏರೋಪ್ಲೇನು ತುಳಿದರೆ ಕಾಳು ಉಳಿಯುವುದಿಲ್ಲವೆಂದು ಬಳಿದು ಪಕ್ಕಕ್ಕೆ ಹಾಕಲು ನಿಂತರು. ಭೀಮ ಬೀಡಿ ಹಚ್ಚಿದ. ಸಂಪತ್ಕುಮಾರ ಕೈ ನೋವೆಂದು ಒಂದು ಗಳಿಗೆ ಪಂಪು ಬಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡ. ಬಾಗಿಲು ಆಕಳಿಸಿತು. ಹೊರಗಿನ ಬಿಸಿಲು ಒಳಕ್ಕೆ ಬಿತ್ತು. ಹಿಂದೆಯೇ ಒಂದು ಮೇಕೆ, ಅದರ ಹಿಂದೆ ಇನ್ನೊಂದು, ಆಮೇಲೆ ಒಂದು ಹಿಂಡೇ ಟಕಟಕ ಎಂದು ಇಳಿಜಾರು ಹತ್ತಿ ಬಂದು ಸುಬ್ಬಮ್ಮನ ಅವರೆ ಸಿಪ್ಪೆಗೆ ಬಾಯಿ ಹಾಕಿತು. ಕೊನೆಯಲ್ಲಿ ತಲೆಗೆ ಟವಲು ಸುತ್ತಿದ ಒಬ್ಬ ಗಂಡಸು ಬಂದು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಏಯ್, ಏನಿದು? ಇಳಿಸು ಅವನ್ನ" ಎಂದ ಸಂಪತ್ಕುಮಾರ.

"ನಾನ್ ಅತ್ತಿಸ್ನಿಲ್ಲ ಸಾ. ಅವೇ ಅತ್ಕಂಡೊ."

"ಯಾರೋ ನೀನು?"

"ಹುಚ್ಚಯ್ಯ ಸಾ. ಕೊಣನೂರ್ ಸಂತೇಗೆ ಒಡ್ಕಂಡ್ ಒಂಟಿದ್ದೆ."

"ಮೊದಲು ಇವನ್ನ ಇಳಿಸಪ್ಪ."

"ಅವೇ ಅತ್ತವೆ, ಅವೇ ಇಳೀಬೇಕು ಸಾ. ನನ್ ಮಾತ್ ಕೇಳಾಕಿಲ್ಲ."

ಗಲಾಟೆ ಕೇಳಿ ಚಂದ್ರಶೇಖರಯ್ಯನವರು ಇಳಿದು ಹಿಂದಕ್ಕೆ ಬಂದರು. ಅವರು ಏನು ಹೇಳುತ್ತಾರೆಂದು ಸಂಪತ್ಕುಮಾರನಿಗೆ ಆಗಲೇ ಗೊತ್ತಾಗಿತ್ತು.

"ಸಂಪತ್ತು, ಲಡಾಖಿಗೆ ಜೀವಂತ ಕುರಿ ಸಾಗಿಸಿದ್ದು ಇದರಲ್ಲೇ ಅಲ್ವೆ? ಒಂದು ಟಗರು ನಿಮ್ಮ ಪ್ಯಾಂಟು ತಿಂದು ಹಾಕಿದ್ದು?"

"ಅದು ದೇಶಸೇವೆ ಸಾರ್. ಗಡಿಯಲ್ಲಿರೋ ಸೈನಿಕರಿಗೆ."

"ಕೊಣನೂರಿನವರು ಪಾಕಿಸ್ತಾನದವರೇನಲ್ಲವಲ್ಲ" ಎಂದು ಹೇಳಿ ಅವರು ಹೋಗಿ ಮುಂದೆ ಕೂತುಬಿಟ್ಟರು.

ಹೊಳೆನರಸೀಪುರದ ಸರ್ಕಲ್ಲಿನಲ್ಲಿ ಜನ ಸೇರಿದ್ದರು. ಒಬ್ಬ ಕಾನ್‌ಸ್ಟೆಬಲ್ ಅಡ್ಡ ಕೈ ತೋರಿಸಿ ಗಾಡಿ ನಿಲ್ಲಿಸಿದ. ಸಂಪತ್ಕುಮಾರ ಬೆವರು ಸುರಿಸುತ್ತ ಪಂಪಿಗೆ ಜೋತುಬಿದ್ದ. ಬಾಗಿಲೇನೋ ಮುಚ್ಚಿಯೇ ಇತ್ತು. ಆದರೆ ಒಳಗಿನ ಒಂದು ಮೇಕೆ ದೀರ್ಘವಾಗಿ ಒಂದು ರಾಗ ಎಳೆಯಿತು.

"ಏನ್ ಸಾ, ಏರೋಪ್ಲೇನು ಮ್ಯಾ ಅಂತದಲ್ಲ?" ಕಾನ್‌ಸ್ಟೆಬಲ್ಲನ ದನಿ.

"ಹಳೇದಲ್ಲವೇನಪ್ಪ" ಎಂದರು ಚಂದ್ರಶೇಖರಯ್ಯನವರು. "ತುಕ್ಕು ಹಿಡಿದ ಕಬ್ಬಿಣ ಬಿಸಿಲಿಗೆ ಹಿಗ್ಗುತ್ತೆ, ಆಗ ಶಬ್ದ ಬರುತ್ತೆ. ಎಂಟನೇ ಕ್ಲಾಸಿನ ಪಾಠ. ನೀನು ಯಾವ ಸ್ಕೂಲು?"

ಸ್ಕೂಲಿನ ಮಾತು ಬಂದದ್ದೇ ಕಾನ್‌ಸ್ಟೆಬಲ್ ದಾರಿ ಬಿಟ್ಟ. ಪಕ್ಕದ ಚಿಕ್ಕ ಬಾಗಿಲನ್ನು ಯಾರೋ ಮೆತ್ತಗೆ ಬಡಿದರು. ತೆಗೆದರೆ ಕನಕಲಕ್ಷ್ಮಿ. ಭಾಷಣಕ್ಕೆಂದು ಇಸ್ತ್ರಿ ಮಾಡಿಸಿದ ನೀಲಿ ಕೋಟು ಹಿಡಿದುಕೊಂಡು ನಿಂತಿದ್ದಳು. ಗಂಡನನ್ನು ನೋಡಿದಳು, ಮುದುಕಿಯನ್ನು ನೋಡಿದಳು, ಮೇಕೆಗಳನ್ನು ನೋಡಿದಳು.

"ಇದನ್ನೇನಾ ನೀವು ಇಷ್ಟು ವರ್ಷ ಹೇಳ್ತಾ ಇದ್ದದ್ದು?" ಎಂದು ಕೇಳಿ, ಕೋಟು ಅವನ ಕೈಗಿಟ್ಟು, "ಮೇಕೆ ಕಡೆ ತೂಗುಹಾಕ್ಬೇಡಿ" ಎಂದು ಹೊರಟುಹೋದಳು.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಭೀಮ ಮತ್ತೆ ಬ್ರೇಕು ಹಾಕಿದ. ಹೊರಗೆ ವಾಲಗದವರು, ಹೆಂಗಸರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದದ್ದು ಕೇಳಿತು. ಯಾರೋ ಗುದ್ದಿದ ರಭಸಕ್ಕೆ ಹಿಂಬಾಗಿಲು ತಾನಾಗಿ ಇಳಿಯಿತು. ಎದುರಿಗೆ ಒಂದು ಮದುವೆ ದಿಬ್ಬಣವೇ ನಿಂತಿತ್ತು. ಅದರ ಆಚೆ ಒಂದು ಬಸ್ಸು, ಹಿಂದಿನ ಗಾಲಿ ಹೊರಚಾಚಿ, ಕಾಲು ಮುರಿದ ಎತ್ತಿನ ಹಾಗೆ ರಸ್ತೆಯ ಅಂಚಿಗೆ ಒರಗಿತ್ತು. ಎಲ್ಲರ ಮುಂದೆ ಜರಿಪೇಟ ಕಟ್ಟಿದ್ದ ಭಾರಿ ಆಳು ದೇವರಾಜು. ದುದ್ದದ ಕಡೆ ದೊಡ್ಡ ತೆಂಗಿನ ತೋಟದವರು, ಗಂಡಿನ ತಂದೆ. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು, ಪರೀಕ್ಷೆಗೆ ತಡವಾದವನ ಮುಖ ಮಾಡಿಕೊಂಡಿದ್ದ ಮಗ ದಿಲೀಪ್.

"ಸಾ, ಕೈ ಮುಗೀತೀನಿ" ಎಂದರು ದೇವರಾಜು. "ಆಕ್ಸಲ್ ಮುರ್ಕಂಡ್ ಕುಂತ್ಬುಡ್ತು ಬಸ್ಸು. ಮದ್ವೆ ಕೊಣನೂರಲ್ಲಿ. ಮಧ್ಯಾನಕ್ಕೆ ಧಾರೆ ಮೂರ್ತ. ಬೇರೆ ಗಾಡಿ ಹಾಸನದಿಂದ ಬರೋವತ್ಗೆ ಮೂರ್ತ ಕಳ್ದೋಯ್ತದೆ. ನಿಮ್ದು ಖಾಲಿ ಐತೆ."

"ಖಾಲಿ ಎಲ್ಲಿದೆ, ಮೇಕೆ ಇವೆ" ಎಂದು ಬಾಯಿತಪ್ಪಿ ಹೇಳಿ ಸಂಪತ್ಕುಮಾರ ನಾಲಿಗೆ ಕಚ್ಚಿಕೊಂಡ.

"ಮ್ಯಾಕೆ ಕುಂತವೆ ಅಂದ್ಮೇಲೆ ಮದ್ಲಿಂಗ ಕುಂತ್ರೆ ಏನಾಯ್ತದೆ?"

"ಹನ್ನೊಂದಕ್ಕೆ ಅರಕಲಗೂಡಲ್ಲಿ ಇದರ ಉದ್ಘಾಟನೆ ಇದೆ ಸ್ವಾಮಿ."

"ಉದ್ಘಾಟ್ನೆ ಯಾವತ್ತು ಟೇಮ್ಗೆ ಸರ್ಯಾಗಿ ಆಗೈತೆ ಸಾ? ಆಗ್ಲಿ, ನಿಮ್ ಅರಕಲಗೂಡ್ಗೇ ನಡೀರಿ. ಅಲ್ಲಿಂದ ನಾವು ಬ್ಯಾರೆ ಗಾಡಿ ಮಾಡ್ಕತೀವಿ."

ಸಂಪತ್ಕುಮಾರ ಚಂದ್ರಶೇಖರಯ್ಯನವರ ಕಡೆ ತಿರುಗಲೇ ಇಲ್ಲ. ಆದರೂ ಮಾತು ಬಂದೇ ಬಂತು.

"ಲೇಹ್‌ನಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ..."

"ಗೊತ್ತು ಸಾರ್."

"ಒಂದು ಮದುವೆ ದಿಬ್ಬಣ ಸಿಕ್ಕಿಹಾಕಿಕೊಂಡು..."

"ಗೊತ್ತು ಸಾರ್, ನಾನೇ ಹತ್ತಿಸಿದ್ದು ಅವರನ್ನ."

"ಅದನ್ನೇ ನಾನು ಹೇಳ್ತಿರೋದು" ಎಂದರು ಅವರು.

ಇಲ್ಲಿಂದ ಮುಂದೆ ಏನಾಯಿತೆಂಬುದನ್ನು ಸಂಪತ್ಕುಮಾರನೂ ಸರಿಯಾಗಿ ವಿವರಿಸಲಾರ. ನೂಕುನುಗ್ಗಲಿನಲ್ಲಿ ಜನ ಹತ್ತುವುದನ್ನು ನೋಡಿದ. ಹತ್ತಿದವರೆಲ್ಲ ಬಾಗಿಲ ಬಳಿಯೇ ಗುಂಪಾಗಿ ನಿಂತದ್ದನ್ನು ನೋಡಿದ. ಬಾಲಕ್ಕೆ ಭಾರ ಎಂದಿತು ಮನಸ್ಸು. ಮರುಕ್ಷಣ ಅವನ ಬಾಯಿಂದ ವರ್ಷಗಳಿಂದ ಹೊರಡದಿದ್ದ ಒಂದು ದನಿ ಹೊರಟಿತು.

"ಬಾಗಿಲಲ್ಲಿ ನಿಲ್ಲಬೇಡಿ. ವಾಲಗದವರು ಮುಂದಕ್ಕೆ. ಮೇಕೆ ಅವರ ಹಿಂದೆ. ಪಾತ್ರೆಪಗಡ ಎರಡೂ ಕಡೆ ಸಮ ಹಂಚಿ. ತೂಕವಾಗಿರೋರು ನಡುವೆ ಬನ್ನಿ, ಸರಿಯಾಗಿ ನಡುವೆ. ಅಮ್ಮ, ನೀವು ಇಲ್ಲಿ."

ಅವನು ತೋರಿಸಿದ ಹೆಂಗಸು, ದೇವರಾಜು ಅವರ ಅಕ್ಕ, ಸೊಂಟದ ಮೇಲೆ ಕೈಯಿಟ್ಟರು. "ನನ್ನೇ ಯಾಕಪ್ಪ ಕರ್ದೆ?"

"ಅದು ರೆಕ್ಕೆ ಬರೋ ಜಾಗ ಅಮ್ಮ. ಎಷ್ಟು ತೂಕ ಇದ್ರೂ ತಡೆಯುತ್ತೆ."

"ರೆಕ್ಕೆ ಎಲ್ಲೈತೆ?"

"ಅರಕಲಗೂಡಲ್ಲಿದೆ. ಕೂತ್ಕೊಳ್ಳಿ."

ಮದುಮಗನನ್ನು ಕೂರಿಸಿ ತಾನೇ ಸೊಂಟದ ಪಟ್ಟಿ ಬಿಗಿದ. ಬಾಸಿಂಗದ ಹೂವಿಗೆ ಬಾಯಿ ಚಾಚಿದ್ದ ಮೇಕೆಯನ್ನು ಪಕ್ಕಕ್ಕೆ ತಳ್ಳಿದ. ದೇವರಾಜು ಮುಂದೆ ಹೋಗಿ ಭೀಮ, ಚಂದ್ರಶೇಖರಯ್ಯನವರ ಪಕ್ಕ ಕೂತರು. ಸಂಪತ್ಕುಮಾರ ನೀಲಿ ಕೋಟು ತೊಟ್ಟು, ತನ್ನ ಹಳೆಯ ಜಾಗದಲ್ಲಿ, ಹಿಂಬಾಗಿಲ ಪಕ್ಕ ಪಂಪಿನ ಬಳಿ ನಿಂತು, ಲೋಹದ ಗೋಡೆಗೆ ಎರಡು ಸಲ ಬಡಿದ. ಹೋಗಬಹುದು ಎಂದು ಅರ್ಥ.

ದಾರಿಯಲ್ಲಿ ಯಾರೋ ಕೇಳಿದರು, "ಸಾ, ಮಿಲಿಟ್ರೀಲಿ ಇದ್ರಲ್ಲಿ ಏನ್ ತುಂಬ್ತಿದ್ರಿ?"

ಸಂಪತ್ಕುಮಾರ ಬಾಯಿ ತೆರೆದ. ಅಭ್ಯಾಸದಂತೆ ಮಿಕ್ಸಿಯ ಸದ್ದಿಗಾಗಿ ಒಂದು ಕ್ಷಣ ಕಾದ. ಸದ್ದು ಬರಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಏನು ತುಂಬ್ತಿರಲಿಲ್ಲ ಕೇಳಿ" ಎಂದು ಶುರುಮಾಡಿದ. "ಈ ಸೀಟು ಮಡಿಸಿದ್ರೆ ಇದು ಗೋಡೌನು. ಅಕ್ಕಿ ಬೇಳೆಯಿಂದ ಜೀಪಿನ ತನಕ. ಸೀಟು ಬಿಡಿಸಿದ್ರೆ ಬಸ್ಸು. ಇಲ್ಲಿ ಕೊಕ್ಕೆ ಇವೆ ನೋಡಿ, ಇಲ್ಲಿಗೆ ಸ್ಟ್ರೆಚರ್ ಸಿಕ್ಕಿಸಿದ್ರೆ ಆಸ್ಪತ್ರೆ. ಈ ಬಾಗಿಲು ಗಾಳಿಯಲ್ಲಿ ತೆಗೆದ್ರೆ ಪ್ಯಾರಾಶೂಟ್‌ನವರು ಇಲ್ಲಿಂದಲೇ ಹಾರೋದು. ಬೇಕಾದ್ರೆ ಬಾಂಬೂ ಹಾಕುತ್ತೆ. ಮನುಷ್ಯ ಕಾಲಿಡೋಕೆ ಹೆದರೋ ಜಾಗದಲ್ಲಿ ಇಳಿದು, ಉಪ್ಪು ಕೊಟ್ಟು, ಕಾಯಿಲೆಯವರನ್ನ ಹತ್ತಿಸಿಕೊಂಡು ಬರುತ್ತೆ."

ಸುಬ್ಬಮ್ಮ ತಲೆದೂಗಿದಳು. "ನಮ್ಮನೆ ನಡುಮನೇನೂ ಅಂಗೇ ಕಣಪ್ಪ. ರಾಗಿ ಬಂದ್ರೆ ಕಣಜ, ನೆಂಟ್ರು ಬಂದ್ರೆ ಛತ್ರ, ಎರಿಗೆ ಆದ್ರೆ ಆಸ್ಪತ್ರೆ."

ತನ್ನ ಹತ್ತು ನಿಮಿಷದ ಭಾಷಣಕ್ಕಿಂತ ಈ ಮಾತು ಚೆನ್ನಾಗಿದೆ ಎಂದು ಸಂಪತ್ಕುಮಾರನಿಗೆ ಅನ್ನಿಸಿತು. ಅರಕಲಗೂಡಿನಲ್ಲಿ ಇದನ್ನೇ ಹೇಳಬೇಕೆಂದುಕೊಂಡು ಲೇಹ್‌ನ ಕತೆ ಹೇಳಿದ. ಅಸ್ಸಾಮಿನದು ಹೇಳಿದ. ಟಗರು ಪ್ಯಾಂಟು ತಿಂದ ಕತೆಗೆ ವಾಲಗದವರು ನಗು ತಡೆಯಲಾರದೆ ಡೋಲು ಬಡಿದರು. ಹುಚ್ಚಯ್ಯ ಮಾತ್ರ ತನ್ನ ಪಂಚೆಯನ್ನು ಒಳಕ್ಕೆಳೆದುಕೊಂಡ. ಊರಿಗೆ ಬಂದ ಮೇಲೆ ಸಂಪತ್ಕುಮಾರ ಇಷ್ಟು ಸಂತೋಷವಾಗಿದ್ದ ಇನ್ನೊಂದು ದಿನ ಇರಲಿಲ್ಲ.

ಹಾಗಾಗಿಯೇ ದಾರಿ ಎಷ್ಟು ಸಾಗಿತೆಂಬುದು ಅವನ ಗಮನಕ್ಕೆ ಬರಲಿಲ್ಲ. ಗಾಡಿ ನಿಂತಾಗ ಹೊರಗೆ ವಾಲಗ ಮೊಳಗುತ್ತಿತ್ತು, ಜನರ ಗದ್ದಲ ಕೇಳುತ್ತಿತ್ತು. ಅರಕಲಗೂಡಿನವರು ಇಷ್ಟು ಅದ್ದೂರಿಯಾಗಿ ಸ್ವಾಗತಿಸುತ್ತಾರೆಂದು ಅವನು ಎಣಿಸಿರಲಿಲ್ಲ. ಆಗ ನೊಣದ ಮಾತು ನೆನಪಾಯಿತು.

"ಯಾರೂ ಉಸಿರೆತ್ತಬೇಡಿ" ಎಂದು ಪಿಸುಗುಟ್ಟಿದ. "ಸಾಹೇಬರು ಹೋಗೋ ತನಕ ಯಾರೂ ಇಳಿಯಬೇಡಿ. ಹುಚ್ಚಯ್ಯ, ಮೇಕೆ ಬಾಯಿ ಹಿಡಕೋ."

"ಎಲ್ಲಾದ್ರದೂ ಇಡಿಯಾಕೆ ನಂಗ್ ಎಷ್ಟ್ ಕೈ ಅವೆ ಸಾ?"

ಸಂಪತ್ಕುಮಾರ ಮೈಯ ಭಾರವನ್ನೆಲ್ಲ ಹಾಕಿ ಪಂಪು ಒತ್ತಿದ. ಅದರೊಳಗೆ ಎಣ್ಣೆಯೇ ಉಳಿದಿರಲಿಲ್ಲ. ಬಾಗಿಲು ಮೆಲ್ಲಗೆ, ಗೌರವದಿಂದ, ಪೂರ್ತಿಯಾಗಿ ತೆರೆದುಕೊಂಡಿತು. ಬೇರೇನೂ ತೋಚದೆ ಅವನು ಅಟೆನ್ಷನ್ನಿಗೆ ನಿಂತು ಸೆಲ್ಯೂಟ್ ಹೊಡೆದ.

ಎದುರಿಗೆ ವಿಂಗ್ ಕಮಾಂಡರ್ ರಜನೀಶ್ ನಿಂತಿದ್ದರು. ಆದರೆ ಸಮವಸ್ತ್ರವೂ ಇಲ್ಲ, ಸೂಟೂ ಇಲ್ಲ. ರೇಷ್ಮೆ ಪಂಚೆ, ಶಲ್ಯ. ಅವರ ಹಿಂದೆ ಉದ್ಯಾನವೂ ಇಲ್ಲ, ಪೀಠವೂ ಇಲ್ಲ. ಬಾಳೆಕಂಬ, ಮಾವಿನ ತೋರಣ, ಮೇಲೆ ಹೂವಿನಲ್ಲಿ ಬರೆದ ಎರಡು ಹೆಸರು, ನಿಸರ್ಗ, ದಿಲೀಪ್. ಅದು ಕೊಣನೂರಿನ ಕಲ್ಯಾಣಮಂಟಪ. ರಸ್ತೆ ಕವಲೊಡೆಯುವಲ್ಲಿ, ಅರಕಲಗೂಡಿಗೆ ಹೋಗಿ ಬೇರೆ ಗಾಡಿ ಹುಡುಕುವಷ್ಟರಲ್ಲಿ ಮುಹೂರ್ತ ಮೀರುತ್ತದೆಂದು ದೇವರಾಜು ಹೇಳಿದ್ದರು. ಉದ್ಘಾಟನೆಗೆ ಅತಿಥಿಗಳು ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಬಂದದ್ದನ್ನು ನಾನಂತೂ ನೋಡಿಲ್ಲ ಎಂದು ಚಂದ್ರಶೇಖರಯ್ಯನವರು ಸೇರಿಸಿದ್ದರು. ಭೀಮ ಗಾಡಿ ತಿರುಗಿಸಿದ್ದ. ಅತಿಥಿ ಮಿಲಿಟರಿಯವರೆಂಬುದು ಮೂವರಿಗೂ ನೆನಪಾಗಿರಲಿಲ್ಲ. ರಜನೀಶ್ ಗಡಿಯಾರದ ಪ್ರಕಾರ ಅರಕಲಗೂಡಿಗೆ ಬಂದು, ಖಾಲಿ ಪೀಠದ ಮುಂದಿನ ರಿಬ್ಬನ್ ಕತ್ತರಿಸಿ, ಖಾಲಿ ಪೀಠವನ್ನು ಹೊಗಳಿ ಭಾಷಣ ಮಾಡಿ, ಕಾರು ಹತ್ತಿ ನೇರ ಇಲ್ಲಿಗೆ ಬಂದಿದ್ದರು. ಮದುವೆಯ ಹೆಣ್ಣು ಅವರ ತಂಗಿಯ ಮಗಳು. ಆ ದಿನ ಈ ಕಡೆ ಬರುವುದಿದ್ದದ್ದರಿಂದಲೇ ಉದ್ಘಾಟನೆಗೂ ಒಪ್ಪಿಕೊಂಡಿದ್ದರು.

"ಸಂಪತ್, ನಾನು ನಿನಗೆ ಏನು ಹೇಳಿದ್ದೆ?"

"ನೊಣ, ಸರ್."

ಅವರಿಬ್ಬರ ನಡುವೆ ಒಂದು ಮೇಕೆ ನಿಧಾನವಾಗಿ ಇಳಿದುಹೋಯಿತು. ಇಬ್ಬರೂ ಅದು ಇಳಿಯುವ ತನಕ ನೋಡಿದರು.

"ಇದು ನೊಣವಾ?"

"ನೋ ಸರ್."

ರಜನೀಶ್ ಅವರ ಮುಖ ಕೆಂಪಾಗಿ ಮೀಸೆ ಅದುರಿತು. ಬಾಯಿ ತೆರೆದರು. ಅಷ್ಟರಲ್ಲಿ ಅವರ ತಂಗಿ, ಹೆಣ್ಣಿನ ತಾಯಿ ರಂಜಿತಾ, ಕಣ್ಣೊರೆಸಿಕೊಳ್ಳುತ್ತ ಓಡಿಬಂದರು.

"ಅಣ್ಣ, ಬೈಯೋದೆಲ್ಲ ಆಮೇಲೆ. ಮೂರ್ತ ಮೀರ್ತಾ ಐತೆ. ಗಂಡು ಎಲ್ಲೋ ಅಪಘಾತ ಮಾಡ್ಕಂಡ ಅಂತ ನನ್ ಮಗಳು ಅತ್ಕಂಡ್ ಕುಂತವ್ಳೆ. ಈ ಪುಣ್ಯಾತ್ಮ ಕರ್ಕಂಡ್ ಬಂದವ್ರೆ. ಮೊದ್ಲು ಅವ್ರಿಗೆ ಕೈ ಮುಗಿ."

ವಿಂಗ್ ಕಮಾಂಡರ್ ತೆರೆದ ಬಾಯಿ ಮುಚ್ಚಿದರು. ಕೈ ಮುಗಿಯಲಿಲ್ಲ, ಆದರೆ ತಲೆಯಾಡಿಸಿದರು. ಹೆಣ್ಣಿನ ಕಡೆಯವರು ದಿಲೀಪನನ್ನು ಎತ್ತಿಕೊಂಡೇ ಹೋದರು. ವಾಲಗ ಮೊಳಗಿತು, ಧಾರೆ ಸಮಯಕ್ಕೆ ಸರಿಯಾಗಿ ಆಯಿತು.

ಊಟವಾದ ಮೇಲೆ ರಜನೀಶ್ ಎಲೆಅಡಿಕೆ ಹಾಕಿಕೊಂಡು ವಿಮಾನವನ್ನು ಒಂದು ಸುತ್ತು ಬಂದರು. ಸಂಪತ್ಕುಮಾರ ಮೂರು ಹೆಜ್ಜೆ ಹಿಂದೆ ನಡೆದ.

"ದೇವರಾಜು ಅವರ ಅಕ್ಕನನ್ನ ಸರಿಯಾಗಿ ನಡುವೆ ಕೂರಿಸಿದ್ದೆಯಂತೆ."

"ಯೆಸ್ ಸರ್. ತೂಕದ ಲೆಕ್ಕ."

"ಸರಿಯಾಗಿ ಮಾಡಿದ್ದೀಯ." ಅವರು ವಿಮಾನದ ಮೈ ತಟ್ಟಿದರು. "ಇಷ್ಟು ವರ್ಷದಲ್ಲಿ ಇದು ಎಲ್ಲಿಗೂ ಖಾಲಿ ಹೋದದ್ದನ್ನ ನಾನು ನೋಡಿಲ್ಲ. ಕೊನೇ ಸಲವೂ ತುಂಬಿಕೊಂಡೇ ಬಂತು. ನನಗೆ ಸಂತೋಷ. ಅರಕಲಗೂಡಿಗೆ ಫೋನ್ ಮಾಡಿದೀನಿ. ಕ್ರೇನು ಸಂಜೆ ತನಕ ಇರುತ್ತೆ. ಇನ್ನೊಂದು ಸಲ ಉದ್ಘಾಟನೆ ಮಾಡೋಣ. ನಿನ್ನ ಭಾಷಣವೂ ಆಗಲಿ."

ಸಂಪತ್ಕುಮಾರನಿಗೆ ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಭೀಮ ಎಣ್ಣೆ ಹೊಂದಿಸಿ ಪಂಪಿಗೆ ತುಂಬಿದ್ದ. ವಿಮಾನ ಅರಕಲಗೂಡಿಗೆ ಹೋಗುತ್ತದೆಂಬ ಸುದ್ದಿ ಊರಿನಲ್ಲೆಲ್ಲ ಹಬ್ಬಿ, ಮದುವೆಗೆ ಬಂದವರು, ಬಾರದವರು, ಸಂತೆಯಿಂದ ಮರಳುವವರು, ಎಲ್ಲರೂ ಇಳಿಜಾರು ಹತ್ತತೊಡಗಿದ್ದರು. ಅವನು ಮತ್ತೆ ಅದೇ ದನಿಯಲ್ಲಿ ಎಲ್ಲರನ್ನೂ ಜೋಡಿಸಿದ. ಹೊಸ ಮದುಮಕ್ಕಳನ್ನು ನಡುವೆ ಕೂರಿಸಿದ. ಇನ್ನೊಂದು ಸೂಜಿಗೂ ಜಾಗವಿಲ್ಲವೆಂದು ಖಚಿತಪಡಿಸಿಕೊಂಡು ಪಂಪಿನ ಬಳಿಯ ತನ್ನ ಜಾಗಕ್ಕೆ ಬಂದ.

ಅಲ್ಲಿ ರಜನೀಶ್ ಪಂಚೆ ಮೇಲೆತ್ತಿ ಕಟ್ಟಿಕೊಂಡು ನಿಂತಿದ್ದರು.

"ಸಂಪತ್, ಒಂದು ವಿಷಯ ಗೊತ್ತಾ? ಇಷ್ಟು ವರ್ಷ ನಾನು ಇದರ ಮುಂದೆ ಕೂತಿದ್ದೆ. ಹಿಂದೆ ಏನಾಗುತ್ತೆ ಅಂತ ಒಂದು ದಿನವೂ ನೋಡಲಿಲ್ಲ. ಇವತ್ತು ನಾನು ಇಲ್ಲಿ ನಿಲ್ತೀನಿ. ನೀನು ಬೆಳಿಗ್ಗೆಯಿಂದ ಪಂಪು ಒತ್ತಿ ಸುಸ್ತಾಗಿದ್ದೀಯ. ಹೋಗು, ಆರಾಮವಾಗಿ ಬಸ್ಸಲ್ಲಿ ಬಾ. ಬಸ್ಸು ನಮಗಿಂತ ಮುಂಚೆ ತಲುಪುತ್ತೆ."

"ಸರ್, ಪರವಾಗಿಲ್ಲ ಸರ್, ನಾನು..."

"ಇದು ಆರ್ಡರ್."

ಸಂಪತ್ಕುಮಾರನ ಕೈ ತಾನಾಗಿ ಹಣೆಗೆ ಹೋಯಿತು. ಇಳಿದು ರಸ್ತೆಯಲ್ಲಿ ನಿಂತ. ಡ್ರೈವರ್ ಪಕ್ಕದ ಜಾಗದಲ್ಲಿ ಆಗಲೇ ದೇವರಾಜು ತಮ್ಮ ಅಕ್ಕನೊಡನೆ ತುಂಬಿಕೊಂಡಿದ್ದರು. ಬಾಗಿಲು ಮೇಲೇರುತ್ತಿದ್ದಾಗ ಒಳಗಿನಿಂದ ಚಂದ್ರಶೇಖರಯ್ಯನವರ ಗಂಟಲು ಕೇಳಿಸಿತು. "ವಿಂಗ್ ಕಮಾಂಡರ್ ಸಾಹೇಬರೇ, ಒಂದ್ಸಲ ಲೇಹ್‌ನಲ್ಲಿ ಏನಾಯ್ತು ಅಂದ್ರೆ..."

ಬಸ್ಸು ಬೇಗ ಸಿಕ್ಕಿತು. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ಫುಟ್‌ಬೋರ್ಡಿನ ಹತ್ತಿರ ನಿಂತ. ಊರು ದಾಟಿದ ಸ್ವಲ್ಪದರಲ್ಲೇ ಬಸ್ಸು ಆಮೆಯಾಯಿತು. ಮುಂದೆ ರಸ್ತೆಯ ತುಂಬ ವಿಮಾನದ ಹಿಂಭಾಗ. ಡ್ರೈವರ್ ಹಾರನ್ ಹೊಡೆದ, ಬಲಕ್ಕೆ ಹೋದ, ಎಡಕ್ಕೆ ಬಂದ. ದಾಟಲು ಎಲ್ಲೂ ಎಡೆಯಿರಲಿಲ್ಲ. ವಿಮಾನದೊಳಗಿನಿಂದ ದೊಡ್ಡ ನಗೆ ತೇಲಿಬಂತು. ಹಿಂದೆಯೇ ಡೋಲಿನ ಪೆಟ್ಟು. ಟಗರು ಪ್ಯಾಂಟು ತಿನ್ನುವ ಜಾಗಕ್ಕೆ ಬಂದಿದ್ದಾರೆ ಎಂದು ಸಂಪತ್ಕುಮಾರನಿಗೆ ಗೊತ್ತಾಯಿತು.

ಬಸ್ಸಿನಲ್ಲಿ ಗೊಣಗಾಟ ಎದ್ದಿತು. ಒಬ್ಬರಿಗೆ ಮನೆಯಲ್ಲಿ ಹಾಲು ಕರೆಯಬೇಕಿತ್ತು, ಇನ್ನೊಬ್ಬರಿಗೆ ಹಾಸನದ ಬಸ್ಸು ಹಿಡಿಯಬೇಕಿತ್ತು.

"ಯಾವನ್ಲಾ ಅವ್ನು ಅದನ್ನ ರೋಡ್ಗೆ ತಂದೋನು? ಸಿಕ್ಕಿದ್ರೆ ಕೆನ್ನೆಗ್ ಬಾರ್ಸೇನು."

"ತಲೆ ಕೆಟ್ಟೋನೇ ಇರ್ಬೇಕು ಬುಡ್ಲಾ."

ಪಕ್ಕದಲ್ಲಿ ನಿಂತಿದ್ದವನು ನೀಲಿ ಕೋಟನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದ, "ನೀವು ಓದಿರೋರ್ ಇದ್ದಂಗ್ ಇದ್ದೀರಿ ಸಾ. ಏನದು? ಯಾಕಂಗೆ ಜನ ತುಂಬ್ಕಂಡ್ ಓಯ್ತಾ ಅವ್ರೆ? ವಸಿ ಏಳಿ, ಕೇಳಾನ."

ಒಂದು ಬಸ್ಸಿನ ತುಂಬ ಜನ ಅವನ ಕಡೆ ತಿರುಗಿದರು. ಅರಕಲಗೂಡಿನ ತನಕ ಇಳಿದುಹೋಗಲು ಅವರಿಗೆ ದಾರಿಯಿರಲಿಲ್ಲ. ಸಂಪತ್ಕುಮಾರ ಬಾಯಿ ತೆರೆದ. ಕೆನ್ನೆಗೆ ಬಾರಿಸುವ ಮಾತಾಡಿದವನ ಅಂಗೈಯ ಅಗಲವನ್ನು ಒಮ್ಮೆ ನೋಡಿದ.

"ನನಗೇನಪ್ಪ ಗೊತ್ತು" ಎಂದ. "ನಾನು ಪಶು ಆಸ್ಪತ್ರೆಯವನು."

ಕೋಟಿನಿಂದ ಬರುತ್ತಿದ್ದ ವಾಸನೆಗೆ ಆ ಮಾತನ್ನು ಯಾರೂ ಅನುಮಾನಿಸಲಿಲ್ಲ.